ಅಜ್ಜನ ಅಪ್ಪೆಮರದ ಕಸಿ ಕಟ್ಟಿದ್ದು

ಅಜ್ಜ ತೀರಿಕೊಂಡ ಮೇಲೆ ಅವರ ನೆನಪಿಗೆ ಏನು ಮಾಡಬೇಕೆಂಬ ಮಾತು ಮನೆಯಲ್ಲಿ ಬಂತು. ದೇವಸ್ಥಾನಕ್ಕೆ ದೀಪದ ಕಂಬ ಕೊಡೋಣ ಎಂದರು ದೊಡ್ಡಪ್ಪ. ಕೊಟ್ಟೆವು. ನನ್ನ ಮನಸ್ಸು ಮಾತ್ರ ಅಘನಾಶಿನಿ ದಡದ ಅಪ್ಪೆಮರದ, ಅಂದರೆ ಉಪ್ಪಿನಕಾಯಿಗೆ ಹೇಳಿಸಿದ ಪರಿಮಳದ ಮಿಡಿ ಬಿಡುವ ಮಾವಿನಮರದ, ಮೇಲಿತ್ತು. ಹೊಳೆ ವರ್ಷ ವರ್ಷವೂ ಅದರ ಬುಡ ಕೊರೆಯುತ್ತಿತ್ತು. ಅದು ಬೀಳುವ ಮೊದಲೇ ಕಸಿ ಕಟ್ಟಿ ಉಳಿಸಿಕೊಳ್ಳಬೇಕೆನಿಸಿತು.

ಮಿಡಿಗಾಲ ಬಂತೆಂದರೆ ಅಜ್ಜ ಸಂಧ್ಯಾವಂದನೆ ಮುಗಿಸಿ ನೇರ ಹೊಳೆದಡಕ್ಕೆ ಹೊರಡುತ್ತಿದ್ದರು, ಹಿಂದೆ ನಾನು. ಒಂದು ಮಿಡಿಯ ತೊಟ್ಟು ಮುರಿದು, ಚಿಮ್ಮಿದ ಸೊನೆಯನ್ನು ನನ್ನ ಮೂಗಿಗೆ ಹಿಡಿದು, "ಕೂಸೇ, ಕಣ್ಣು ಮುಚ್ಚಿ ಮೂಸು" ಎನ್ನುತ್ತಿದ್ದರು. ಜೀರಿಗೆಯ ಪರಿಮಳ! ಗೊರಟು ಬಲಿಯುವ ಮೊದಲೇ ಕೊಯ್ಯಬೇಕು, ತೊಟ್ಟು ಉಳಿಯಬೇಕು, ನೆಲಕ್ಕೆ ಬಿದ್ದದ್ದು ಭರಣಿಗೆ ಬೇಡ. ಹಾಗಾಗಿ ಬುಟ್ಟಿಗೆ ಹಗ್ಗ ಕಟ್ಟಿ ಇಳಿಸುತ್ತಿದ್ದರು. ಕೊಯ್ಯುವವರು ಹತ್ತುವ ಮೊದಲು ಅಜ್ಜ ಬೊಡ್ಡೆ ಮುಟ್ಟಿ ಕೈಮುಗಿಯುತ್ತಿದ್ದರು. ಮೊದಲ ಹಿಡಿ ಮಿಡಿ ದೇವರ ಮುಂದೆ, ಆಮೇಲೆಯೇ ಹರಳುಪ್ಪು. ತುದಿಯ ಕೊಂಬೆಗೆ ಕೈ ಹಾಕಲು ಬಿಡುತ್ತಿರಲಿಲ್ಲ, ಅದು ಮಂಗಗಳ ಪಾಲು. ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆಲ್ಲ ಒಂದೊಂದು ಭರಣಿ. ಯಾರ ಮನೆಗೆ ಖಾರ ಕಡಿಮೆ, ಯಾರ ಅತ್ತೆಗೆ ಸಾಸಿವೆ ಹೆಚ್ಚು ಬೇಕು ಎಂಬುದು ಅವರಿಗೆ ಬಾಯಿಪಾಠವಾಗಿತ್ತು.

ಗೊರಟು ನೆಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಗೊರಟಿನ ಗಿಡ ತಾಯಿಮರದ ಪರಿಮಳವನ್ನೇ ತರುತ್ತದೆಂಬ ಭರವಸೆಯಿಲ್ಲ. ಹೆಸರಾದ ಅನಂತಭಟ್ಟನ ಅಪ್ಪೆ ತಳಿ ಇವತ್ತು ಊರೂರ ತೋಟಗಳಲ್ಲಿರುವುದು ಕಸಿಯಿಂದಲೇ.

ಕಾಟುಮಾವಿನ, ಅಂದರೆ ಕಾಡುಮಾವಿನ, ಗೊರಟುಗಳನ್ನು ಮಳೆಗಾಲದಲ್ಲಿ ಪ್ಲಾಸ್ಟಿಕ್ ಕೊಟ್ಟೆಗಳಿಗೆ ಹಾಕಿದೆ. ಮುಂದಿನ ಜೂನಿಗೆ ಗಿಡ ಪೆನ್ಸಿಲ್ ದಪ್ಪವಾಯಿತು. ಅಪ್ಪೆಮರದಲ್ಲಿ ಮೂರು–ನಾಲ್ಕು ತಿಂಗಳು ಬಲಿತ, ಗಿಡದಷ್ಟೇ ದಪ್ಪದ ಕಡ್ಡಿಗಳನ್ನು ಗುರುತು ಮಾಡಿ, ಎಂಟು–ಹತ್ತು ದಿನ ಮೊದಲೇ ಎಲೆ ಸವರಿ ತೊಟ್ಟು ಮಾತ್ರ ಉಳಿಸಿದೆ. ಹೀಗೆ ಮಾಡಿದರೆ ತುದಿಮೊಗ್ಗು ಉಬ್ಬಿ ಚಿಗುರಲು ಸಿದ್ಧವಾಗುತ್ತದೆ. ಆಮೇಲೆ ಕಡ್ಡಿ ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು, ಅಂದೇ ಕಸಿ ಕಟ್ಟಿದೆ. ಗಿಡದ ತುದಿ ಕತ್ತರಿಸಿ, ನಡುವೆ ಎರಡು ಇಂಚಿನಷ್ಟು ಸೀಳಿ, ಕಡ್ಡಿಯ ಬುಡವನ್ನು ಬೆಣೆಯಾಗಿ ಕೆತ್ತಿ ಕೂರಿಸಬೇಕು. ಇಲ್ಲಿ ಅವಸರ ಸಲ್ಲದು. ಎರಡೂ ಬೆಸೆಯುವ ಪದರ ಇರುವುದು ತೊಗಟೆಯ ಒಳಮಗ್ಗುಲಲ್ಲಿ. ಒಂದು ಬದಿಯಲ್ಲಾದರೂ ತೊಗಟೆಗೆ ತೊಗಟೆ ಸರಿಯಾಗಿ ಕೂಡಲೇಬೇಕು. ಪ್ಲಾಸ್ಟಿಕ್ ಪಟ್ಟಿ ಬಿಗಿದು, ಮೇಲೆ ತೆಳು ಕೊಟ್ಟೆ ಮುಚ್ಚಿ ನೆರಳಿನಲ್ಲಿಟ್ಟೆ. ಮೂರು ವಾರದ ಹೊತ್ತಿಗೆ ಕೆಂಪು ಚಿಗುರು ಒಡೆಯಿತು. ಅಜ್ಜಿ ಅಂದು ತುಪ್ಪದ ದೀಪ ಹಚ್ಚಿದರು.

ಅಜ್ಜನ ಶ್ರಾದ್ಧ ಆಷಾಢದಲ್ಲಿ, ಗಿಡ ನೆಡಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಊಟ ಮುಗಿಸಿ ಹೊರಟವರ ಕೈಗೆ ಒಂದೊಂದು ಕಸಿಗಿಡ ಕೊಟ್ಟೆ. ಬೆಂಗಳೂರಿನ ಫ್ಲಾಟಿನಲ್ಲಿರುವ ತಮ್ಮನ ಪಾಲಿನದನ್ನು ಹೊಳೆದಡದಲ್ಲೇ, ನೆರೆ ಮುಟ್ಟದ ಎತ್ತರದಲ್ಲಿ ನೆಟ್ಟಿದ್ದೇವೆ. ಸಣ್ಣತ್ತೆಯ ಅಂಗಳದ ಗಿಡ ಐದನೇ ವರ್ಷಕ್ಕೆ ಮಿಡಿ ಬಿಟ್ಟಿತು. ಭರಣಿ ತುಂಬುವಷ್ಟಿರಲಿಲ್ಲ, ಅತ್ತೆ ಅವನ್ನು ದೇವರ ಮುಂದಿಟ್ಟು, ಆಮೇಲೆ ನನಗೆ ಫೋನ್ ಮಾಡಿದರು.

ಪ್ರತಿ ಮಳೆಗಾಲದಲ್ಲೂ ನಾನು ಎಲ್ಲರಿಗೂ ಫೋನ್ ಮಾಡುತ್ತೇನೆ. ಕಸಿಯ ಗಂಟಿನ ಕೆಳಗೆ ಚಿಗುರಿದ್ದನ್ನು ಕಂಡ ಕೂಡಲೇ ಚಿವುಟಿ, ಬಿಟ್ಟರೆ ಕಾಟುಮಾವೇ ಮೇಲೇಳುತ್ತದೆ ಎಂದು ನೆನಪಿಸುತ್ತೇನೆ. ಮಾತು ಅಲ್ಲಿಗೆ ನಿಲ್ಲುವುದಿಲ್ಲ, ಅಜ್ಜನ ಕಡೆಗೆ ಹೊರಳುತ್ತದೆ.