ಗಣೇಶನ ಇಲಿಯನ್ನು ಮತ್ತೆ ಓಡಿಸಿದ್ದು

2004ರ ಗಣೇಶನ ಹಬ್ಬಕ್ಕೆ ಫ್ಲ್ಯಾಶ್‌ನಲ್ಲಿ, ಅಂದರೆ ಬ್ರೌಸರ್‌ನಲ್ಲಿ ಓಡುವ ಅನಿಮೇಷನ್ ಮಾಡುವ ಸಾಫ್ಟ್‌ವೇರ್‌ನಲ್ಲಿ, ಒಂದು ಗ್ರೀಟಿಂಗ್ ಮಾಡಿದ್ದೆ. ಗಣೇಶ ಕೂತಿರುತ್ತಾನೆ, ಪಕ್ಕದಲ್ಲಿ ಕಡುಬಿನ ತಟ್ಟೆ, ತಟ್ಟೆಯ ಹಿಂದೆ ಇಲಿ. ಕಂಪ್ಯೂಟರ್ ಮೌಸ್‌ನ ಬಾಣವನ್ನು ಹತ್ತಿರ ತಂದರೆ ಇಲಿ ಒಂದು ಕಡುಬು ಕಚ್ಚಿಕೊಂಡು ಓಡುತ್ತದೆ. ಅಷ್ಟೇ. ಅಷ್ಟಕ್ಕೇ ಹದಿನೈದು ರಾತ್ರಿ ಹಿಡಿದಿತ್ತು.

ಆಗ ನಮ್ಮ ಮನೆ ಬೆಂಗಳೂರಿನ ತ್ಯಾಗರಾಜನಗರದಲ್ಲಿ. ಎಸ್‌ಪಿ ರಸ್ತೆಯಲ್ಲಿ ಬಿಡಿಭಾಗ ತಂದು ಜೋಡಿಸಿದ, ಸೆಲೆರಾನ್ ಅನ್ನುವ ಅಗ್ಗದ ಪ್ರೊಸೆಸರ್‌ನ ಕಂಪ್ಯೂಟರ್, ಡಯಲ್-ಅಪ್ ನೆಟ್. ನೆಟ್ ಹಾಕಿದರೆ ಫೋನ್ ಎಂಗೇಜ್, ಅಮ್ಮನ ಬೈಗುಳ. 56 ಕೆಬಿಪಿಎಸ್ ಅನ್ನೋದು ಹೆಸರಿಗೆ. ಸಿಗುತ್ತಿದ್ದದ್ದು ಸೆಕೆಂಡಿಗೆ ನಾಲ್ಕೈದು ಕಿಲೋಬೈಟ್. ವಿಡಿಯೊ ಕಳಿಸುವ ಮಾತೇ ಇಲ್ಲ. ಫ್ಲ್ಯಾಶ್ ಚಿತ್ರವನ್ನು ಚುಕ್ಕಿಗಳಾಗಿ ಇಡದೆ ಗೆರೆಗಳ ಲೆಕ್ಕವಾಗಿ ಇಡುತ್ತಿತ್ತು. ಇಲಿಯ ಕಾಲನ್ನು ಒಮ್ಮೆ ಬರೆದು, ಎಫ್8 ಒತ್ತಿ ಸಿಂಬಲ್ ಮಾಡಿದರೆ ಮುಗೀತು, ನೂರು ಸಲ ಬಳಸಿದರೂ ಫೈಲ್ ಅಷ್ಟೇನೂ ದಪ್ಪ ಆಗುತ್ತಿರಲಿಲ್ಲ. ಗಣೇಶ, ಇಲಿ, ಗಂಟೆಯ ಸದ್ದು ಎಲ್ಲ ಸೇರಿ 84 ಕೆಬಿ. ಅದು ಇಳಿಯುವ ಇಪ್ಪತ್ತು ಸೆಕೆಂಡ್ ನೋಡುವವರಿಗೆ ಬೇಜಾರಾಗದಿರಲಿ ಅಂತ ಒಂದು ಎಳನೀರು ಬರೆದಿದ್ದೆ. ಫೈಲ್ ಬಂದ ಹಾಗೆಲ್ಲ ನೀರು ಸ್ಟ್ರಾ ಹತ್ತುತ್ತಿತ್ತು. ಕೆಲವರಿಗೆ ಇಲಿಗಿಂತ ಅದೇ ಹಿಡಿಸಿತ್ತು!

ಕನ್ನಡದ್ದೊಂದು ಬೇರೆ ಕಥೆ. ಇವತ್ತು ಫೋನ್‌ಗಳಲ್ಲಿ ಬಳಸುವ ಯೂನಿಕೋಡ್ ಕನ್ನಡವನ್ನು ಫ್ಲ್ಯಾಶ್‌ಗೆ ಹಾಕಿದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿ. ಹಾಗಾಗಿ 'ನುಡಿ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ, ಕಂಟ್ರೋಲ್-ಬಿ ಎರಡು ಸಲ ಒತ್ತುತ್ತಿದ್ದೆ. ಮೊದಲ ಸಲ ಪದ ಒಡೆದು ಬಿಡಿ ಅಕ್ಷರ, ಎರಡನೇ ಸಲ ಅಕ್ಷರವೂ ಹೋಗಿ ಬರೀ ಆಕಾರ. ಇದರಲ್ಲೊಂದು ಲಾಭವೂ ಇತ್ತು. ಒತ್ತು ಬೇರೆ ತುಂಡಾಗಿ ಸಿಗುತ್ತಿತ್ತು. 'ಹಬ್ಬ' ಅನ್ನುವ ಪದಕ್ಕೆ ಬ ಒತ್ತು ಮೇಲಿಂದ ಜಾರಿ ಬಂದು ಕೂರುವ ಹಾಗೆ ಮಾಡಿದ್ದೆ.

ಫ್ಲ್ಯಾಶ್ ಸತ್ತದ್ದು ಹೇಗೆ ಅಂದರೆ ಎಲ್ಲರೂ 2010ರ ಏಪ್ರಿಲ್‌ನಲ್ಲಿ ಆಪಲ್‌ನ ಸ್ಟೀವ್ ಜಾಬ್ಸ್, ಐಫೋನ್-ಐಪ್ಯಾಡ್‌ಗೆ ಫ್ಲ್ಯಾಶ್ ಯಾಕೆ ಬೇಡ ಅಂತ ಬರೆದ ಪತ್ರದ ಕಡೆ ಬೆರಳು ತೋರಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಚಿತ್ರ ಬರೆಯುವ ನಮ್ಮಂಥವರು ಅದಕ್ಕೂ ಮೊದಲೇ ಯೂಟ್ಯೂಬ್ ಕಡೆ ಹೊರಳಿದ್ದೆವು. ತಮಾಷೆ ನೋಡಿ, ಆಗ ಯೂಟ್ಯೂಬ್ ಓಡುತ್ತಿದ್ದದ್ದೂ ಫ್ಲ್ಯಾಶ್ ಪ್ಲೇಯರ್‌ನಲ್ಲೇ. ನಾವು ಫ್ಲ್ಯಾಶ್‌ನಲ್ಲಿ ಬರೆದು, ವಿಡಿಯೊ ಮಾಡಿ, ಮತ್ತೆ ಫ್ಲ್ಯಾಶ್ ಒಳಗೇ ತುಂಬುತ್ತಿದ್ದೆವು. ನಡುವೆ ಕ್ಲಿಕ್ ಮಾತ್ರ ಬಿದ್ದುಹೋಯಿತು. ವಿಡಿಯೊದಲ್ಲಿ ಇಲಿ ತಾನಾಗಿಯೇ ಓಡುತ್ತದೆ, ಯಾರೂ ಹೆದರಿಸಬೇಕಿಲ್ಲ. 2012ರಲ್ಲಿ ಯೂಟ್ಯೂಬ್ ಎಷ್ಟು ಹೊತ್ತು ನೋಡಿದರು ಅನ್ನುವುದಕ್ಕೆ ಬೆಲೆ ಕೊಡಲು ಶುರು ಮಾಡಿತು. ಎರಡು ನಿಮಿಷಕ್ಕೆ ಒಂದು ತಿಂಗಳು ಕೂರುವ ನಾವು ಅಲ್ಲಿಗೂ ಸಲ್ಲಲಿಲ್ಲ.

ಹೊಟ್ಟೆಪಾಡಿಗೆ ನಾನು ಕೋರಮಂಗಲದ ಒಂದು ಇ-ಲರ್ನಿಂಗ್ ಕಂಪನಿಯಲ್ಲಿದ್ದೆ. 2011ರ ನವೆಂಬರ್‌ನಲ್ಲಿ ಫ್ಲ್ಯಾಶ್‌ನ ಒಡೆಯ ಕಂಪನಿ ಅಡೋಬಿ ಮೊಬೈಲ್ ಬ್ರೌಸರ್‌ಗಳಿಗೆ ಫ್ಲ್ಯಾಶ್ ಮಾಡುವುದನ್ನು ಕೈಬಿಟ್ಟಿತು. ಅಲ್ಲಿಂದ ಪ್ರತಿ ಕ್ಲೈಂಟ್‌ದೂ ಒಂದೇ ಪ್ರಶ್ನೆ, "ಐಪ್ಯಾಡ್‌ನಲ್ಲಿ ಬರುತ್ತಾ?" ಒಂದೂವರೆ ವರ್ಷ ನಾನು ಬರೆದದ್ದನ್ನೇ, ಫ್ಲ್ಯಾಶ್ ಇಲ್ಲದೆ ಬ್ರೌಸರ್‌ನಲ್ಲೇ ಓಡುವ ಎಚ್‌ಟಿಎಂಎಲ್5ಗೆ ಬದಲಿಸಿದೆ. ಆ ಕೆಲಸದ ಬಗ್ಗೆ ಹೇಳುವಂಥದ್ದು ಏನೂ ಇಲ್ಲ.

2021ರ ಜನವರಿ 12, ಸಂಕ್ರಾಂತಿಗೆ ಎರಡು ದಿನ ಮುಂಚೆ, ಫ್ಲ್ಯಾಶ್ ಪ್ಲೇಯರ್ ತನ್ನೊಳಗೆ ಏನೂ ಓಡದಂತೆ ತಡೆಯಲು ಶುರು ಮಾಡಿತು. ಫ್ಲ್ಯಾಶ್ ನಿಲ್ಲಿಸುತ್ತೇವೆ ಅಂತ 2017ರಲ್ಲೇ ಅಡೋಬಿ ಹೇಳಿತ್ತು, ನಾನೇ ಕಿವಿಗೆ ಹಾಕಿಕೊಂಡಿರಲಿಲ್ಲ. ಆಮೇಲೆ ಅಟ್ಟದಿಂದ ಹಳೇ ಡಬ್ಬ ಇಳಿಸಿದೆ. ಸಿಡಿಗಳ ಬೆನ್ನು ಕಿತ್ತುಬಂದಿತ್ತು. ಹಾರ್ಡ್ ಡಿಸ್ಕ್ ಮಾತ್ರ, ಎಸ್‌ಪಿ ರಸ್ತೆಯಿಂದಲೇ ತಂದ ಒಂದು ಕನೆಕ್ಟರ್ ಹಾಕಿದ ಮೇಲೆ, ಗರಗರ ಅಂದು ತಿರುಗಿತು. ಸಿಕ್ಕಿದ್ದು 31 ಎಸ್‌ಡಬ್ಲ್ಯೂಎಫ್ ಫೈಲ್. ಅವುಗಳ ಮೂಲವಾದ ಎಫ್‌ಎಲ್‌ಎ ಬರೀ ಆರು. ಎಸ್‌ಡಬ್ಲ್ಯೂಎಫ್ ಅಂದರೆ ಬೆಂದ ಇಡ್ಲಿ, ಎಫ್‌ಎಲ್‌ಎ ಅಂದರೆ ಹಿಟ್ಟು. ಇಡ್ಲಿಯನ್ನು ಮತ್ತೆ ಹಿಟ್ಟು ಮಾಡಲಾಗುತ್ತದೆಯೇ? ಆ ಆರನ್ನು ತೆರೆದರೆ ನುಡಿ ಫಾಂಟ್ ಇಲ್ಲದೆ ಕನ್ನಡದ ಜಾಗದಲ್ಲೆಲ್ಲ ತಲೆಮೇಲೆ ಸೊಟ್ಟ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು. ಒಡೆದು ಆಕಾರ ಮಾಡಿದ್ದ ಪದಗಳು ಮಾತ್ರ ಹಾಗೇ ಇದ್ದವು.

ಎಸ್‌ಡಬ್ಲ್ಯೂಎಫ್‌ಗಳನ್ನು ಉಳಿಸಿದ್ದು ರಫಲ್. ರಸ್ಟ್ ಭಾಷೆಯಲ್ಲಿ ಬರೆದ ಪ್ರೋಗ್ರಾಮ್, ಹಳೇ ಫ್ಲ್ಯಾಶ್ ಪ್ಲೇಯರ್‌ನ ಕೆಲಸವನ್ನು ತಾನೇ ಮಾಡುತ್ತದೆ. ಹಳೇ ವೆಬ್ ಪುಟ, ಪುಸ್ತಕ ಕೂಡಿಡುವ ಇಂಟರ್ನೆಟ್ ಆರ್ಕೈವ್ 2020ರ ನವೆಂಬರ್‌ನಲ್ಲಿ ಹಳೇ ಫ್ಲ್ಯಾಶ್ ಚಿತ್ರಗಳನ್ನು ಇಡಲು ಶುರು ಮಾಡಿದ್ದೂ ಇದನ್ನೇ ನೆಚ್ಚಿ. ಫ್ಲ್ಯಾಶ್‌ನ ಪ್ರೋಗ್ರಾಮಿಂಗ್ ಭಾಷೆ ಆಕ್ಷನ್‌ಸ್ಕ್ರಿಪ್ಟ್‌ನ 1, 2ನೇ ಆವೃತ್ತಿಯಲ್ಲಿ ಬರೆದದ್ದೆಲ್ಲ ನನಗೆ ಸಲೀಸಾಗಿ ತೆರೆಯಿತು. 3ರಲ್ಲಿ ಬರೆದ ಎರಡು ಆಟಗಳು ಅರ್ಧಕ್ಕೇ ನಿಂತವು.

ಗಣೇಶನೂ ಬಂದ. ಆದರೆ ಇಲಿ ದೆವ್ವ ಹೊಕ್ಕ ಹಾಗೆ ಓಡಿತು! ಕಡುಬು ಕಚ್ಚಿದ್ದೇ ಕಾಣಲಿಲ್ಲ. ಫೈಲ್ ಹಾಳಾಗಿದೆ ಅಂದುಕೊಂಡೆ. ಒಂದಿಡೀ ಸಂಜೆ ತಲೆಕೆಡಿಸಿಕೊಂಡ ಮೇಲೆ ಹೊಳೆಯಿತು. ನಾನು ವೇಗವನ್ನು ಸೆಕೆಂಡಿಗೆ 24 ಫ್ರೇಮ್ (ಚಿತ್ರ) ಅಂತ ಇಟ್ಟಿದ್ದೆ, ಜಂಬಕ್ಕೆ. ನನ್ನ ಸೆಲೆರಾನ್‌ಗೆ ಅಷ್ಟು ತ್ರಾಣ ಎಲ್ಲಿತ್ತು? ಅದು ಹತ್ತೋ ಹನ್ನೊಂದೋ ಎಳೆಯುತ್ತಿತ್ತು. ಆ ನಿಧಾನವನ್ನೇ ಕಣ್ಣಳತೆಯಲ್ಲಿ ನೋಡಿ ಇಲಿಯ ಹೆಜ್ಜೆ ಬರೆದಿದ್ದೆ. ನಾನು ನಿಜವಾಗಿ ಏನು ಮಾಡಿದ್ದೆ ಅಂತ ಇಷ್ಟು ವರ್ಷ ನಾನೇ ನೋಡಿರಲಿಲ್ಲ. ರಫಲ್‌ನಲ್ಲಿ ಫ್ರೇಮ್ ವೇಗವನ್ನು ನಾವೇ ಹಾಕಬಹುದು. 10 ಅಂತ ಹಾಕಿದೆ. ಇಲಿ ಬಾಲ ಅಲ್ಲಾಡಿಸಿ, ಹಿಂದೆ ತಿರುಗಿ ನೋಡಿ, ಕಡುಬು ಎತ್ತಿಕೊಂಡು ಹೋಯಿತು.

ಹಬ್ಬಕ್ಕೆ ಬಂದ ತಂಗಿಯ ಮಗಳಿಗೆ ನನ್ನ ಫೋನ್‌ನಲ್ಲಿ ತೆರೆದು ಕೊಟ್ಟೆ. ಎಳನೀರು ಕಣ್ಣಿಗೂ ಬೀಳಲಿಲ್ಲ, 84 ಕೆಬಿ ಎಷ್ಟು ಹೊತ್ತು ಅಲ್ವಾ? ಅವಳು ಪರದೆ ನೋಡುತ್ತಾ ಕೂತಳು. ಇಲಿ ಅಲ್ಲಾಡಲಿಲ್ಲ. ಬಾಣ ಹತ್ತಿರ ಬಂದರೆ ತಾನೇ ಹೆದರುವುದು? ಫೋನ್‌ನಲ್ಲಿ ಬಾಣವೇ ಇಲ್ಲ. ಜಾಬ್ಸ್ ಆ ಪತ್ರದಲ್ಲಿ ಇದನ್ನೂ ಬರೆದಿದ್ದ, ಬೆರಳಿಗೆ ಇಂಥ ಸುಳಿದಾಟ ಬರುವುದಿಲ್ಲ ಅಂತ. ಆಗ ಸುಮ್ನೆ ನೆಪ ಅಂದುಕೊಂಡಿದ್ದೆ.

"ಮಾಮಾ, ಇದು ಹ್ಯಾಂಗ್ ಆಗಿದೆ."

ಅವಳನ್ನು ಕಂಪ್ಯೂಟರ್ ಮುಂದೆ ಕೂರಿಸಿ, ಮೌಸ್ ಕೈಗೆ ಕೊಟ್ಟೆ.