ಹಳೆಯ ಬಯೋಸ್‌ನಲ್ಲಿ ಹೊಸ ಎಸ್‌ಎಸ್‌ಡಿ ಬೂಟ್ ಮಾಡಿಸುವುದು ಹೇಗೆ?

ಎಚ್61 ಮದರ್‌ಬೋರ್ಡ್, ಎರಡನೇ ಅಥವಾ ಮೂರನೇ ತಲೆಮಾರಿನ ಐ3, ಐ5 ಪ್ರೊಸೆಸರ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಕೇಳಿದರೆ ಇವತ್ತಿಗೂ ಎದುರಿಗೆ ಬರುವ ಜೋಡಿ ಇದು. ಜೆರಾಕ್ಸ್ ಅಂಗಡಿ, ಸೈಬರ್ ಸೆಂಟರ್, ಮನೆ ಎಲ್ಲೆಡೆ ಇನ್ನೂ ಓಡುತ್ತಿದೆ. ಇದಕ್ಕೊಂದು ಎನ್‌ವಿಎಂಇ (ಹೊಸ, ವೇಗದ ಬಗೆಯ) ಎಸ್‌ಎಸ್‌ಡಿಯನ್ನು, ಮದರ್‌ಬೋರ್ಡ್‌ನ ಪಿಸಿಐಇ ಸ್ಲಾಟ್‌ಗೆ ಚುಚ್ಚುವ ಅಡಾಪ್ಟರ್ ಕಾರ್ಡ್‌ನಲ್ಲಿ ಕೂರಿಸಿದರೆ ಒಂದು ವಿಚಿತ್ರ ಕಾಣುತ್ತದೆ: ವಿಂಡೋಸ್ 10 ಒಳಗೆ ಹೋದಮೇಲೆ ಡ್ರೈವ್ ಸರಿಯಾಗಿ ಕಾಣಿಸುತ್ತದೆ, ಫೈಲ್ ಕಾಪಿ ಆಗುತ್ತದೆ, ಆದರೆ ಬಯೋಸ್‌ನ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ, ಮದರ್‌ಬೋರ್ಡ್‌ನ ಚಿಪ್‌ನಲ್ಲಿರುವ ತಂತ್ರಾಂಶದ) ಬೂಟ್ ಪಟ್ಟಿಯಲ್ಲಿ ಅದರ ಸುಳಿವೇ ಇಲ್ಲ.

ಕಾರಣ ಸರಳ. ಎನ್‌ವಿಎಂಇ ಮಾನದಂಡದ ಮೊದಲ ಆವೃತ್ತಿ ಬಂದದ್ದು 2011ರಲ್ಲಿ, ಎಚ್61 ಬೋರ್ಡ್‌ಗಳು ಬಂದದ್ದೂ ಅದೇ ವರ್ಷ. ಆಗಿನ ಬಯೋಸ್ ಬರೆದವರ ಮುಂದೆ ಇದ್ದದ್ದು ಸಾಟಾ ಎಂಬ ಹಳೆಯ ಬಗೆಯ ಸಂಪರ್ಕದ ಡ್ರೈವ್ ಮಾತ್ರ. ವಿಂಡೋಸ್ 8.1, 10 ಮತ್ತು ಲಿನಕ್ಸ್‌ಗೆ ಎನ್‌ವಿಎಂಇ ಓದುವ ಸ್ವಂತ ಡ್ರೈವರ್ ಇದೆ. ಆದರೆ ಅವು ಮೇಲೇಳಬೇಕಾದರೆ ಮೊದಲ ಕೆಲವು ಫೈಲುಗಳನ್ನು ಬಯೋಸೇ ಓದಿ ಕೊಡಬೇಕು, ಅದರ ಬಳಿ ಆ ಡ್ರೈವರ್ ಇಲ್ಲ. 2014ರ ಝಡ್97, ಎಚ್97 ಬೋರ್ಡ್‌ಗಳಿಗೆ ಕಂಪನಿಗಳೇ ಅಪ್‌ಡೇಟ್ ಕೊಟ್ಟವು. ಅದಕ್ಕಿಂತ ಹಳೆಯವುಗಳನ್ನು ಬಹುಪಾಲು ಕೈಬಿಟ್ಟವು. ಕಾಣೆಯಾಗಿರುವ ಡ್ರೈವರ್ ಐವತ್ತು ಕೆಬಿಯನ್ನೂ ಮುಟ್ಟದಷ್ಟು ಚಿಕ್ಕದು. ಅದನ್ನು ನಾವೇ ಒಳಗೆ ಸೇರಿಸಬಹುದು.

ಖರ್ಚಿಗೆ ಮೊದಲು ಲೆಕ್ಕ

ಎಚ್61ರ ಸಾಟಾ ಪೋರ್ಟ್‌ಗಳು 3 ಗಿಗಾಬಿಟ್‌ನವು. ಎಂಥ ಎಸ್‌ಎಸ್‌ಡಿ ಹಾಕಿದರೂ ಸೆಕೆಂಡಿಗೆ 280 ಎಂಬಿ ಆಸುಪಾಸಿಗೆ ನಿಲ್ಲುತ್ತದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಉದ್ದನೆಯ ಎಕ್ಸ್16 ಸ್ಲಾಟ್ ಖಾಲಿ ಇದ್ದರೆ ಎನ್‌ವಿಎಂಇ ಅಲ್ಲಿ ಕೂತು, ಪಿಸಿಐಇ 2.0 ಲೆಕ್ಕದಲ್ಲೂ ನಾಲ್ಕು ಲೇನ್‌ಗೆ ಸೈದ್ಧಾಂತಿಕವಾಗಿ 2 ಜಿಬಿವರೆಗೆ ಹೋಗಬಲ್ಲದು. ಆ ಸ್ಲಾಟ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಇದ್ದು, ಉಳಿದದ್ದು ಪುಟ್ಟ ಎಕ್ಸ್1 ಸ್ಲಾಟ್ ಮಾತ್ರ ಎಂದಾದರೆ ಸಿಗುವುದು 400 ಎಂಬಿ ಸುತ್ತಮುತ್ತ. ಅಷ್ಟಕ್ಕಾಗಿ ಬಯೋಸ್ ತಿದ್ದುವ ತಾಪತ್ರಯ ಬೇಡ ಎಂಬುದು ನನ್ನ ಅಭಿಪ್ರಾಯ. ಬಿ75, ಝಡ್77 ಬೋರ್ಡ್ ಇದ್ದು, ಬ್ರೌಸರ್, ನುಡಿ, ಟ್ಯಾಲಿ ಇಷ್ಟೇ ಕೆಲಸವಿದ್ದರೂ ಅಷ್ಟೇ: ಅವುಗಳಲ್ಲಿ 6 ಗಿಗಾಬಿಟ್ ಸಾಟಾ ಇದೆ, ಮಾಮೂಲಿ ಸಾಟಾ ಎಸ್‌ಎಸ್‌ಡಿ ಸಾಕು.

ಲಿನಕ್ಸ್ ಬಳಸುವವರಿಗೆ ಇನ್ನೂ ಸುಲಭದ ದಾರಿಯುಂಟು. ಬೂಟ್ ವಿಭಾಗವನ್ನು ಹಳೆಯ ಹಾರ್ಡ್ ಡಿಸ್ಕ್‌ನಲ್ಲೋ ಪೆನ್‌ಡ್ರೈವ್‌ನಲ್ಲೋ ಇಟ್ಟು, ಉಳಿದ ಸಿಸ್ಟಂ ಪೂರ್ತಿ ಎನ್‌ವಿಎಂಇ ಮೇಲೆ ಇನ್‌ಸ್ಟಾಲ್ ಮಾಡಿದರಾಯಿತು. ಬಯೋಸ್ ಮುಟ್ಟುವುದೇ ಬೇಕಿಲ್ಲ.

ಅಂಗಡಿಯಲ್ಲಿ 'ಎಂ.2 ಕೊಡಿ' ಎಂದಷ್ಟೇ ಕೇಳಬೇಡಿ. ಎಂ.2 ಆಕಾರದಲ್ಲೇ ಸಾಟಾ ಡ್ರೈವ್‌ಗಳೂ ಬರುತ್ತವೆ. ಅವು ಈ ಅಡಾಪ್ಟರ್‌ನಲ್ಲಿ ಕೂತರೂ ಕೆಲಸ ಮಾಡವು. ಚಿನ್ನದ ಬಣ್ಣದ ಅಂಚನ್ನು ನೋಡಿ: ಒಂದೇ ಕಚ್ಚು ಇದ್ದರೆ ಸಾಮಾನ್ಯವಾಗಿ ಎನ್‌ವಿಎಂಇ, ಎರಡು ಕಚ್ಚು ಇದ್ದರೆ ಹೆಚ್ಚಾಗಿ ಸಾಟಾ. ಖಚಿತವಾಗಬೇಕೆಂದರೆ ಲೇಬಲ್ ಮೇಲೆ 'ಎನ್‌ವಿಎಂಇ' ಎಂಬ ಅಕ್ಷರಗಳೇ ಇರಬೇಕು.

ಬಯೋಸ್ ಮುಟ್ಟದೆ ಒಂದು ಪರೀಕ್ಷೆ

ನೇರವಾಗಿ ತಿದ್ದುಪಡಿಗೆ ಹಾರುವ ಮುನ್ನ ಅಡಾಪ್ಟರ್, ಡ್ರೈವ್, ಸ್ಲಾಟ್ ಮೂರೂ ಸರಿಯಿವೆಯೇ ಎಂದು ಕ್ಲೋವರ್ ಎಂಬ ಉಚಿತ ಬೂಟ್‌ಲೋಡರ್‌ನಿಂದ ನೋಡಿಕೊಳ್ಳಿ. ಅದನ್ನು ಪೆನ್‌ಡ್ರೈವ್‌ಗೆ ಹಾಕಿ. ಅದರ ಜತೆಗೇ ಬರುವ ಎನ್‌ವಿಎಂಎಕ್ಸ್‌ಪ್ರೆಸ್ ಡ್ರೈವರ್ ಫೈಲನ್ನು 'ಆಫ್' ಫೋಲ್ಡರಿನಿಂದ 'ಡ್ರೈವರ್ಸ್' ಫೋಲ್ಡರಿನ ಯುಇಎಫ್‌ಐ (ಹೊಸ ಬಗೆಯ ಬಯೋಸ್) ಭಾಗಕ್ಕೆ ಕಾಪಿ ಮಾಡಿ, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ಎನ್‌ವಿಎಂಇ ಮೇಲೆ ವಿಂಡೋಸ್ ಆಗಲೇ ಇದ್ದರೆ ಕ್ಲೋವರ್ ಪರದೆಯಲ್ಲಿ ಅದರ ಐಕಾನ್ ಬರುತ್ತದೆ, ಒತ್ತಿದರೆ ತೆರೆದುಕೊಳ್ಳುತ್ತದೆ.

ಪೆನ್‌ಡ್ರೈವ್ ಸದಾ ಹಿಂದೆ ಚುಚ್ಚಿಕೊಂಡಿದ್ದರೆ ಬೇಸರವಿಲ್ಲ ಎನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಯುಇಎಫ್‌ಐ ಇಲ್ಲದ ಕೋರ್ 2 ಡ್ಯುಯೋ ಕಾಲದ ಬೋರ್ಡ್‌ಗಳಿಗಂತೂ ಇಂಥದ್ದೇ ಗತಿ, ಏಕೆಂದರೆ ಮುಂದೆ ಹೇಳುವ ಡ್ರೈವರ್ ಕೂರುವ ಜಾಗವೇ ಅವುಗಳ ಬಯೋಸ್‌ನಲ್ಲಿಲ್ಲ. ಕಂಪನಿ ಲ್ಯಾಪ್‌ಟಾಪ್‌ಗಳ ಗೊಡವೆಗೆ ಹೋಗಬೇಡಿ. ನಾಲ್ಕನೇ ತಲೆಮಾರಿನಿಂದೀಚೆಗೆ ಹಲವುಗಳಲ್ಲಿ ಇಂಟೆಲ್ ಬೂಟ್ ಗಾರ್ಡ್ ಇದೆ. ತಿದ್ದಿದ ಬಯೋಸ್ ಕಂಡರೆ ಯಂತ್ರ ಆನ್ ಆಗದೆಯೇ ಇರಬಹುದು.

ಡ್ರೈವರ್ ಸೇರಿಸುವುದು

ಇಡೀ ಕೆಲಸದಲ್ಲಿ ಭಯ ಹುಟ್ಟಿಸುವ ಭಾಗ ಇದೇ ಎಂದು ಜನ ತಿಳಿದಿರುತ್ತಾರೆ. ನಿಜಕ್ಕೂ ಹತ್ತು ನಿಮಿಷದ ಕೆಲಸ. ಬೇಕಾದ್ದು ಎರಡು. ಒಂದು, ಯುಇಎಫ್‌ಐಟೂಲ್ ಎಂಬ ಮುಕ್ತ ತಂತ್ರಾಂಶ. ಇದರ 0.25 ಅಥವಾ 0.28 ಆವೃತ್ತಿಯೇ ಬೇಕು, 'ಎನ್‌ಇ' ಎಂದು ಹೆಸರಿರುವ ಹೊಸ ಆವೃತ್ತಿಗಳು ಬಯೋಸನ್ನು ತೋರಿಸುತ್ತವೆಯೇ ಹೊರತು ತಿದ್ದಲು ಬಿಡುವುದಿಲ್ಲ. ಇನ್ನೊಂದು, ಟಿಯಾನೋಕೋರ್ ಯೋಜನೆಯ ಮುಕ್ತ ಸಂಕೇತದಿಂದ ತಯಾರಾದ ಎನ್‌ವಿಎಂಇ ಡ್ರೈವರ್. ಕ್ಲೋವರ್‌ಗೆ ಹಾಕಿದ್ದು 'ಇಎಫ್‌ಐ' ಬಾಲದ ಫೈಲ್. ಇಲ್ಲಿ ಬೇಕಾದ್ದು 'ಎಫ್‌ಎಫ್‌ಎಸ್' ಬಾಲದ್ದು.

ತಿದ್ದುವುದಕ್ಕೆ ನಿಮ್ಮ ಬೋರ್ಡ್‌ನಿಂದಲೇ ತೆಗೆದ ಬಯೋಸ್ ಇರಲಿ. ಇಂಟೆಲ್‌ನ ಎಫ್‌ಪಿಟಿ ಎಂಬ ಟೂಲ್‌ನಲ್ಲಿ, ನಿಮ್ಮ ಬೋರ್ಡಿನ ಎಂಇ (ಇಂಟೆಲ್ ಮ್ಯಾನೇಜ್‌ಮೆಂಟ್ ಎಂಜಿನ್) ಆವೃತ್ತಿಗೆ ಹೊಂದುವುದನ್ನು ಆರಿಸಿ, ಬಯೋಸ್ ಭಾಗವನ್ನಷ್ಟೇ ಫೈಲಾಗಿ ಉಳಿಸಿಕೊಳ್ಳಬಹುದು. 'ನಂದೂ ಅದೇ ಮಾಡೆಲ್ ಕಣೋ, ನನ್ನ ಫೈಲೇ ಹಾಕ್ಕೋ' ಎಂದು ಗೆಳೆಯ ಕೊಟ್ಟರೆ ತೆಗೆದುಕೊಳ್ಳಬೇಡಿ. ಚಿಪ್‌ನೊಳಗೆ ಆಯಾ ಬೋರ್ಡಿನ ಸೀರಿಯಲ್ ನಂಬರ್ ಇರುತ್ತದೆ, ಎಷ್ಟೋ ಬೋರ್ಡ್‌ಗಳಲ್ಲಿ ನೆಟ್‌ವರ್ಕ್‌ನ ಮ್ಯಾಕ್ ವಿಳಾಸವೂ ಅಲ್ಲೇ. ಈ ಮೂಲ ಫೈಲಿನ ಎರಡು ಪ್ರತಿ ಬೇರೆ ಬೇರೆ ಕಡೆ ಇಟ್ಟು, ಮೂರನೆಯದನ್ನು ತಿದ್ದಿ.

ಯುಇಎಫ್‌ಐಟೂಲ್‌ನಲ್ಲಿ ಆ ಫೈಲ್ ತೆರೆದು, ಕಂಟ್ರೋಲ್ ಎಫ್ ಒತ್ತಿ, 'ಟೆಕ್ಸ್ಟ್' ವಿಭಾಗದಲ್ಲಿ ಡಿಎಕ್ಸ್‌ಇ ಎಂದು ಹುಡುಕಿ. ಕೆಳಗೆ ಬಂದ ಮೊದಲ ಸಾಲಿನ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಡ್ರೈವರ್‌ಗಳ ಉದ್ದನೆಯ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಪ್ರತಿ ಸಾಲಿನ ಪಕ್ಕ ಅದು ಯಾವ ಬಗೆಯದು ಎಂದು ಬರೆದಿರುತ್ತದೆ. ಕೆಳಕ್ಕೆ ಇಳಿಯುತ್ತ ಹೋಗಿ 'ಡಿಎಕ್ಸ್‌ಇ ಡ್ರೈವರ್' ಎಂದಿರುವ ಕಟ್ಟಕಡೆಯ ಸಾಲು ಹಿಡಿಯಿರಿ. ರೈಟ್ ಕ್ಲಿಕ್, 'ಇನ್ಸರ್ಟ್ ಆಫ್ಟರ್', ಎಫ್‌ಎಫ್‌ಎಸ್ ಫೈಲ್ ಆಯ್ಕೆ. ಹೊಸ ಸಾಲಿನ ಎದುರು 'ಇನ್ಸರ್ಟ್' ಎಂದೂ ಅದರ ಮೇಲಿನ ಭಾಗಗಳ ಎದುರು 'ರೀಬಿಲ್ಡ್' ಎಂದೂ ಬರಬೇಕು. ಫೈಲನ್ನು ಬೇರೆ ಹೆಸರಿನಲ್ಲಿ ಸೇವ್ ಮಾಡಿ.

ಜಾಗ ಸಾಲದು ಎಂಬ ಸಂದೇಶ ಬಂದರೆ ಇದೇ ಡ್ರೈವರ್‌ನ 'ಸ್ಮಾಲ್' ರೂಪ ಸಿಗುತ್ತದೆ, ಅದನ್ನು ಹಾಕಿ. ಜಾಗಕ್ಕಾಗಿ ಬಯೋಸ್‌ನಲ್ಲಿರುವ ಇನ್ಯಾವುದನ್ನೋ ಅಳಿಸುವ ಸಾಹಸ ಬೇಡ.

ಸೇವ್ ಆದಮೇಲೆ ಹೆಚ್ಚಿನವರು ಬಿಡುವ ಕೆಲಸ ಒಂದಿದೆ. ಮೂಲ ಫೈಲು ಮತ್ತು ತಿದ್ದಿದ ಫೈಲು ಎರಡನ್ನೂ ಎರಡು ಕಿಟಕಿಗಳಲ್ಲಿ ಅಕ್ಕಪಕ್ಕ ತೆರೆದು 'ಪ್ಯಾಡ್ ಫೈಲ್' ಎಂಬ ಸಾಲುಗಳನ್ನು ಹೋಲಿಸಿ. ಮೂಲದಲ್ಲಿದ್ದಲ್ಲೇ ಅವು ಇರಬೇಕು, ಒಂದು ಮಾಯವಾಗಿರಬಾರದು, ಹೊಸದು ಹುಟ್ಟಿರಬಾರದು. ವ್ಯತ್ಯಾಸ ಕಂಡರೆ ಆ ಫೈಲನ್ನು ಬಳಸಬೇಡಿ, ಚಿಪ್‌ಗೆ ಬರೆದ ಮೇಲೆ ಬೋರ್ಡ್ ಏಳದೇ ಹೋಗಬಹುದು.

ಚಿಪ್‌ಗೆ ಬರೆಯುವುದು

ಯುಪಿಎಸ್ ಇಲ್ಲದೆ ಈ ಹಂತಕ್ಕೆ ಕೈ ಹಾಕಬೇಡಿ. ಬಯೋಸ್ ಬರೆಯುವಾಗ ಕರೆಂಟ್ ಹೋದರೆ ಅರ್ಧ ಬರೆದ ಚಿಪ್ ಉಳಿಯುತ್ತದೆ. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಹಾಕಿಕೊಂಡಿದ್ದರೆ ಮೊದಲೇ ತಾತ್ಕಾಲಿಕವಾಗಿ ನಿಲ್ಲಿಸಿ.

ಎಫ್‌ಪಿಟಿಯಲ್ಲಿ ಓದಿದಂತೆಯೇ ಬರೆಯಬಹುದು, ಬಯೋಸ್ ಭಾಗವನ್ನು ಮಾತ್ರ. ಬರೆದು ಮುಗಿದ ಮೇಲೆ ಅದೇ ತಾಳೆ ನೋಡಿ 'ಸಕ್ಸೆಸ್‌ಫುಲ್' ಎನ್ನುತ್ತದೆ. ಬರೆಯುವುದಕ್ಕೆ ರಕ್ಷಣೆ ಇದೆ ಎಂದು ನಿರಾಕರಿಸಿದರೆ, ಯುಎಸ್‌ಬಿ ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಏಸಸ್ ಬೋರ್ಡ್‌ನವರು ಕಂಪನಿ ಫೈಲನ್ನೇ ಇದೇ ರೀತಿ ತಿದ್ದಿ ಆ ದಾರಿಯಲ್ಲಿ ಹಾಕಬಹುದು. ಉಳಿದವರಿಗೆ ಸಿಎಚ್341ಎ ಪ್ರೋಗ್ರಾಮರ್, ಅಂದರೆ ಚಿಪ್‌ಗೆ ನೇರವಾಗಿ ಬರೆಯುವ ಪುಟ್ಟ ಸಾಧನ. ಮೊಬೈಲ್, ಲ್ಯಾಪ್‌ಟಾಪ್ ರಿಪೇರಿಯವರ ಬಳಿ ಇದು ಇರುತ್ತದೆ.

ಅಗ್ಗದ ಕಪ್ಪು ಬಣ್ಣದ ಸಿಎಚ್341ಎ, ಬಯೋಸ್ ಚಿಪ್‌ಗೆ 3.3 ವೋಲ್ಟ್ ಕೊಟ್ಟರೂ ಡೇಟಾ ತಂತಿಗಳಲ್ಲಿ 5 ವೋಲ್ಟ್ ಹರಿಸುತ್ತದೆ. ವೋಲ್ಟೇಜ್ ಆರಿಸುವ ಸ್ವಿಚ್ ಇರುವ ಮಾದರಿ ಒಳ್ಳೆಯದು. ಪವರ್ ಕೇಬಲ್ ಕಳಚಿ, ನಾಣ್ಯದಂಥ ಬ್ಯಾಟರಿ ತೆಗೆದು, ಎಂಟು ಕಾಲಿನ ಚಿಪ್ ಹುಡುಕಿ. ಎಷ್ಟೋ ಎಚ್61 ಬೋರ್ಡ್‌ಗಳಲ್ಲಿ ಅದು ಸಾಕೆಟ್‌ನಲ್ಲೇ ಕೂತಿದ್ದು, ಸಣ್ಣ ಸ್ಕ್ರೂಡ್ರೈವರ್‌ನಿಂದ ಎರಡೂ ತುದಿ ಸ್ವಲ್ಪ ಸ್ವಲ್ಪವೇ ಎಬ್ಬಿಸಿದರೆ ಕೈಗೆ ಬರುತ್ತದೆ. ಬೆಸುಗೆ ಹಾಕಿದ್ದರೆ ಕ್ಲಿಪ್ ಕಚ್ಚಿಸಬೇಕು: ಚಿಪ್‌ನ ಮೂಲೆಯಲ್ಲಿ ಚುಕ್ಕೆಯಿರುವ ಕಾಲು ಒಂದನೆಯದು, ಕ್ಲಿಪ್‌ನ ಕೆಂಪು ತಂತಿ ಅಲ್ಲಿಗೆ. ಗಿಗಾಬೈಟ್‌ನ ಡ್ಯುಯಲ್ ಬಯೋಸ್ ಬೋರ್ಡ್‌ಗಳಲ್ಲಿ ಎರಡು ಚಿಪ್ ಇರುತ್ತವೆ, 'ಎಂ' ಎಂದು ಗುರುತಿರುವುದು ಮುಖ್ಯ. ಎರಡು ಸಲ ಓದಿ ಎರಡೂ ಫೈಲ್ ಒಂದೇ ಇವೆಯೇ ನೋಡಿ. ಬೇರೆ ಬೇರೆ ಬಂದರೆ ಕ್ಲಿಪ್ ಸರಿಯಾಗಿ ಕಚ್ಚಿಲ್ಲ, ಬರೆಯುವ ಮಾತೇ ಇಲ್ಲ. ಹೀಗೆ ಓದಿದ್ದು ಇಡೀ ಚಿಪ್‌ನ ಫೈಲ್, ಆದ್ದರಿಂದ ಡ್ರೈವರನ್ನು ಇದಕ್ಕೇ ಮೇಲಿನಂತೆ ಸೇರಿಸಿ ವಾಪಸ್ ಬರೆಯಿರಿ.

ಮೊದಲ ಬೂಟ್

ಬಯೋಸ್‌ಗೆ ಹೋಗಿ ಡೀಫಾಲ್ಟ್ ಸೆಟ್ಟಿಂಗ್ ಲೋಡ್ ಮಾಡಿ. ಸಿಎಸ್‌ಎಂ (ಹಳೆಯ ಬಗೆಯ ಬೂಟ್‌ಗೆ ಅವಕಾಶ ಕೊಡುವುದು) ಎಂಬ ಆಯ್ಕೆ ಇದ್ದರೆ ಆಫ್ ಮಾಡಿ, ಇಲ್ಲದಿದ್ದರೆ ಬೂಟ್ ಆಯ್ಕೆಯನ್ನು ಯುಇಎಫ್‌ಐಗೆ ಬದಲಿಸಿ. ಪಟ್ಟಿಯಲ್ಲಿ ನಿಮ್ಮ ಎಸ್‌ಎಸ್‌ಡಿಯ ಹೆಸರು ಹುಡುಕಿ ನಿರಾಶರಾಗಬೇಡಿ, ಹಲವು ಬೋರ್ಡ್‌ಗಳು ಅದನ್ನು 'ಪಾಟಾ' (ಸಾಟಾಕ್ಕೂ ಹಿಂದಿನ ಬಗೆ) ಎಂದು ತೋರಿಸುತ್ತವೆ. ಹಳೆಯ ಬಯೋಸ್‌ಗೆ ಅದನ್ನು ಕರೆಯಲು ಬೇರೆ ಹೆಸರು ಗೊತ್ತಿಲ್ಲ, ಅಷ್ಟೆ. ವಿಂಡೋಸ್ ಹಾಕುವ ಪೆನ್‌ಡ್ರೈವನ್ನು ರೂಫಸ್ ಎಂಬ ಉಚಿತ ತಂತ್ರಾಂಶದಲ್ಲಿ ಜಿಪಿಟಿ (ಡಿಸ್ಕ್ ವಿಭಾಗಿಸುವ ಹೊಸ ಬಗೆ), ಯುಇಎಫ್‌ಐ ಎಂದೇ ತಯಾರಿಸಿ. ಇನ್‌ಸ್ಟಾಲ್ ಮಾಡುವಾಗ ಉಳಿದ ಹಾರ್ಡ್ ಡಿಸ್ಕ್‌ಗಳ ಕೇಬಲ್ ಕಿತ್ತಿಡಿ. ಇಲ್ಲವಾದರೆ ವಿಂಡೋಸ್ ತನ್ನ ಬೂಟ್ ಫೈಲನ್ನು ಹಳೆಯ ಡಿಸ್ಕ್ ಮೇಲೆ ಬರೆದುಬಿಡಬಹುದು, ಮುಂದೆ ಆ ಡಿಸ್ಕ್ ತೆಗೆದ ದಿನ ಕಂಪ್ಯೂಟರ್ ಏಳುವುದಿಲ್ಲ. ಇನ್‌ಸ್ಟಾಲ್ ಮುಗಿದ ಮೇಲೆ ಪಟ್ಟಿಯಲ್ಲಿ 'ವಿಂಡೋಸ್ ಬೂಟ್ ಮ್ಯಾನೇಜರ್' ಬರುತ್ತದೆ, ಅದನ್ನು ಮೊದಲ ಸ್ಥಾನಕ್ಕೆ ತನ್ನಿ.

ಪರದೆ ಕಪ್ಪಾಗಿಯೇ ಉಳಿದರೆ ಮೂಲ ಫೈಲನ್ನು ಸಿಎಚ್341ಎ ಮೂಲಕ ಮತ್ತೆ ಬರೆಯಿಸಿದರೆ (ಎಫ್‌ಪಿಟಿಯಿಂದ ತೆಗೆದದ್ದು ಬಯೋಸ್ ಭಾಗ ಮಾತ್ರ, ಅದನ್ನು ಚಿಪ್‌ನ ಅದೇ ಭಾಗಕ್ಕೇ ಬರೆಯಬೇಕು) ಬೋರ್ಡ್ ಸಾಮಾನ್ಯವಾಗಿ ಮೊದಲಿನಂತಾಗುತ್ತದೆ. ಎಲ್ಲ ಸರಿಹೋದರೂ ಆ ಫೈಲನ್ನು ಅಳಿಸಬೇಡಿ, ತಿದ್ದಿದ ಫೈಲನ್ನೂ ಅದರ ಪಕ್ಕದಲ್ಲೇ ಇಡಿ. ಮುಂದೆಂದಾದರೂ ಕಂಪನಿಯ ಬಯೋಸ್ ಅಪ್‌ಡೇಟ್ ಹಾಕಿದರೆ ನೀವು ಸೇರಿಸಿದ ಡ್ರೈವರ್ ಅದರೊಂದಿಗೇ ಅಳಿಸಿಹೋಗುತ್ತದೆ, ಯುಇಎಫ್‌ಐಟೂಲ್ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ.