ವಿಂಡೋಸ್ 10ರಿಂದ ಲಿನಕ್ಸ್ ಮಿಂಟ್‌ಗೆ: ಹಳೆಯ ನುಡಿ ಫೈಲ್‌ಗಳಿಂದಲೇ ಶುರು ಮಾಡಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ನಮ್ಮ ಮನೆಯ ಲ್ಯಾಪ್‌ಟಾಪ್‌ನಲ್ಲಿರುವುದು ಇಂಟೆಲ್‌ನ 6ನೇ ತಲೆಮಾರಿನ ಐ5. ವಿಂಡೋಸ್ 11ಕ್ಕೆ ಸಾಮಾನ್ಯವಾಗಿ 8ನೇ ತಲೆಮಾರಾದರೂ ಬೇಕು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್. ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ಮೂಲೆಗೆ ತಳ್ಳುವ ಬದಲು ವಿಂಡೋಸ್ ಜಾಗಕ್ಕೆ ಉಚಿತ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್ ಮಿಂಟ್ 22 ಆರಿಸಿಕೊಂಡೆ. ಅದಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ಇನ್‌ಸ್ಟಾಲ್ ಮಾಡುವುದು ಚಿಕ್ಕ ಕೆಲಸ. ಅದಕ್ಕೂ ಮೊದಲು ವಿಂಡೋಸ್‌ನಲ್ಲೇ ಕೂತು ಮುಗಿಸಬೇಕಾದದ್ದು ದೊಡ್ಡದು.

ನಾನು ಮೊದಲು ಕೈಹಾಕಿದ್ದು ನುಡಿ ಮತ್ತು ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫೈಲ್‌ಗಳಿಗೆ. ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್‌ನೊಳಗೆ ಕನ್ನಡದ ಅಕ್ಷರಗಳೇ ಇರುವುದಿಲ್ಲ. ಇರುವುದು ರೋಮನ್ ಅಕ್ಷರಗಳ ಸಂಕೇತ. ಫಾಂಟ್ ಅದಕ್ಕೆ ಕನ್ನಡದ ರೂಪ ಕೊಡುತ್ತದೆ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ, ಫೈಲ್ ಕೆಟ್ಟಿದೆ ಎಂದು ಎಷ್ಟೋ ಮಂದಿ ಅಳಿಸಿಬಿಡುತ್ತಾರೆ. ಹಾಗಾಗಿ ಪ್ರತಿ ಮುಖ್ಯ ಫೈಲನ್ನೂ ವಿಂಡೋಸ್‌ನಲ್ಲಿಯೇ ಪಿಡಿಎಫ್ ಮಾಡಿಟ್ಟೆ. ಫಾಂಟ್ ಅದರೊಳಗೇ ಸೇರಿರುವುದರಿಂದ ಮೂಲ ಹೇಗಿತ್ತೆಂದು ಯಾವಾಗ ಬೇಕಾದರೂ ನೋಡಬಹುದು. ಆಮೇಲೆ ಮೂಲವನ್ನು ಮುಟ್ಟದೆ, ಒಂದು ನಕಲನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ, ಅಂದರೆ ಕನ್ನಡದ ಅಕ್ಷರಗಳಿಗೇ ಸಂಕೇತವಿರುವ ಪದ್ಧತಿಗೆ, ಬದಲಿಸಿದೆ.

ಪರಿವರ್ತನೆ ಎಡವುವ ಜಾಗಗಳು ಗೊತ್ತಿರುವಂಥವೇ. ಆಸ್ಕಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಮೊದಲೇ ಬರಬೇಕು. ಆದ್ದರಿಂದ ವರ್ಷ, ಕಾರ್ಯ, ಅರ್ಜಿಯಂಥ ಪದಗಳನ್ನು ಹುಡುಕಿ ನೋಡಿ. ನಡುವೆ ಇಂಗ್ಲಿಷ್ ಹೆಸರು, ಇಮೇಲ್ ವಿಳಾಸ ಇದ್ದರೆ ಪರಿವರ್ತಕ ಅವನ್ನೂ ಕನ್ನಡವೆಂದೇ ತಿಳಿದು ಹಾಳುಗೆಡವುತ್ತದೆ. ಅಂಥ ಕಡೆ ಪಿಡಿಎಫ್ ಪಕ್ಕದಲ್ಲಿಟ್ಟುಕೊಂಡು ಕೈಯಾರೆ ತಿದ್ದುವುದೊಂದೇ ದಾರಿ. ಬೇಸರದ ಕೆಲಸ ನಿಜ, ಆದರೆ ಇದಾದ ಮೇಲೆ ಆ ಬರಹಗಳಲ್ಲಿ ಪದ ಹುಡುಕಬಹುದು, ಫೋನಿನಲ್ಲೂ ಓದಬಹುದು.

ಹಳೆಯ ಟಿಟಿಎಫ್ ಫಾಂಟ್‌ಗಳನ್ನೂ ನಕಲಿಸಿಕೊಳ್ಳಿ. ಮಿಂಟ್‌ನಲ್ಲಿ ಹೋಂ ಫೋಲ್ಡರ್ ತೆರೆದು ಕಂಟ್ರೋಲ್ ಜೊತೆ ಎಚ್ ಒತ್ತಿದರೆ ಅಡಗಿದ ‘ಲೋಕಲ್’ (.local) ಫೋಲ್ಡರ್ ಕಾಣುತ್ತದೆ. ಅದರ ‘ಶೇರ್’ ಒಳಗೆ ‘ಫಾಂಟ್ಸ್’ ಎಂಬ ಫೋಲ್ಡರ್ ಮಾಡಿ ಹಾಕಿದರೆ ಸಾಕು.

ಟ್ಯಾಲಿ, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಮನೆಯಲ್ಲಿ ಬಳಕೆಯಲ್ಲಿದ್ದರೆ ಇಲ್ಲೇ ನಿಂತು ಯೋಚಿಸಿ. ಟ್ಯಾಲಿ ವಿಂಡೋಸ್‌ಗೆಂದೇ ಇರುವ ಲೆಕ್ಕಪತ್ರದ ತಂತ್ರಾಂಶ. ಟೋಕನ್‌ಗೆ ಅದರ ತಯಾರಕರ ಲಿನಕ್ಸ್ ಡ್ರೈವರ್ ಇದೆಯೇ ಎಂದು ಮೊದಲೇ ನೋಡಬೇಕು.

ಡಿಸ್ಕಿನ ವಿಷಯದಲ್ಲಿ ನನ್ನದು ಒಂದೇ ಹಟ: ಹಳೆಯದನ್ನು ಅಳಿಸಬಾರದು. ಎರಡೂವರೆ ಇಂಚಿನ, 7 ಮಿಲಿಮೀಟರ್ ದಪ್ಪದ ಸಾಟಾ ಎಸ್‌ಎಸ್‌ಡಿ ಹಾಕಿ, ವಿಂಡೋಸ್ ಇರುವ ಹಾರ್ಡ್ ಡಿಸ್ಕನ್ನು ಹಾಗೇ ತೆಗೆದಿಟ್ಟೆ. ಬೇಕಾದಾಗ ಸಾಟಾ–ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಬಹುದು. ಆದರೆ ಬಿಚ್ಚುವ ಮೊದಲು ಎರಡು ಕೆಲಸ ಇವೆ. ಕಂಟ್ರೋಲ್ ಪ್ಯಾನಲ್‌ನ ಪವರ್ ಆಪ್ಷನ್ಸ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ತೆಗೆಯಿರಿ. ಅದು ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮುಚ್ಚಿರುವುದಿಲ್ಲ, ಲಿನಕ್ಸ್ ಆ ಡಿಸ್ಕನ್ನು ಓದಲಷ್ಟೇ ತೆರೆಯುತ್ತದೆ ಅಥವಾ ತೆರೆಯುವುದೇ ಇಲ್ಲ. ಇನ್ನೊಂದು ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ವಿಂಡೋಸ್ ಹಾಕುವ ಗೂಢಲಿಪಿಯ ಬೀಗ. ಅದು ಚಾಲೂ ಇದ್ದರೆ ಆಫ್ ಮಾಡಿ, ಡಿಕ್ರಿಪ್ಟ್ ಪೂರ್ತಿ ಮುಗಿಯಲು ಬಿಡಿ. ಇಲ್ಲದಿದ್ದರೆ 48 ಅಂಕಿಗಳ ರಿಕವರಿ ಕೀ ಇಲ್ಲದೆ ಒಂದು ಫೋಟೊ ಕೂಡ ಸಿಗುವುದಿಲ್ಲ.

ಹಳೆಯ ಡಿಸ್ಕ್ ಬಿಚ್ಚುವ ಮೊದಲೇ, ವಿಂಡೋಸ್‌ನಲ್ಲಿ ಮಿಂಟ್‌ನ ಐಎಸ್‌ಒ (ಇನ್‌ಸ್ಟಾಲ್ ಫೈಲ್) ಇಳಿಸಿಕೊಂಡು, ಫೈಲ್ ಸರಿಯಿದೆಯೇ ಎಂದು ತಿಳಿಸುವ ಅದರ ಎಸ್‌ಎಚ್‌ಎ256 ಸಂಖ್ಯೆ ಮಿಂಟ್ ತಾಣದಲ್ಲಿರುವುದಕ್ಕೆ ಹೊಂದುತ್ತದೆಯೇ ನೋಡಿ, ರೂಫಸ್ ಎಂಬ ತಂತ್ರಾಂಶದಿಂದ 8 ಜಿಬಿ ಪೆನ್‌ಡ್ರೈವ್‌ಗೆ ಬರೆದೆ. ಪೆನ್‌ಡ್ರೈವ್‌ನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಇನ್‌ಸ್ಟಾಲ್ ಮಾಡದೆ ಅದರಿಂದಲೇ ಬೂಟ್ ಮಾಡಿ ವೈಫೈ, ಧ್ವನಿ, ವೆಬ್‌ಕ್ಯಾಮ್, ಪ್ರಿಂಟರ್ ಎಲ್ಲವನ್ನೂ ಪರೀಕ್ಷಿಸಿ. ಮುಚ್ಚಳ ಮುಚ್ಚಿ ತೆರೆದಾಗ ಯಂತ್ರ ಏಳುತ್ತದೆಯೇ ಎಂಬುದನ್ನು ಮರೆಯಬೇಡಿ. ವೈಫೈ ಕಾಣದಿದ್ದರೆ ಫೋನನ್ನು ಯುಎಸ್‌ಬಿ ಟೆದರಿಂಗ್‌ನಲ್ಲಿ ಜೋಡಿಸಿದರೆ ಡ್ರೈವರ್ ಇಳಿಸಲು ಇಂಟರ್ನೆಟ್ ಸಿಗುತ್ತದೆ. ಡಿಸ್ಕೇ ಕಾಣದಿದ್ದರೆ ಬಯಾಸ್‌ನಲ್ಲಿ (ಯಂತ್ರ ಶುರುವಾಗುವಾಗಿನ ಸೆಟ್ಟಿಂಗ್) ಸಾಟಾ ಮೋಡ್ ‘ರೇಡ್’ ಆಗಿರಬಹುದು, ‘ಎಎಚ್‌ಸಿಐ’ಗೆ ಬದಲಿಸಿ. ಹಳೆಯ ಲೇಸರ್ ಪ್ರಿಂಟರ್‌ಗಳಲ್ಲಿ ಕೆಲವು ಪ್ರತ್ಯೇಕ ಡ್ರೈವರ್ ಇಲ್ಲದೆ ಅಲುಗುವುದಿಲ್ಲ, ಅದು ಈಗಲೇ ತಿಳಿಯುವುದು ಒಳ್ಳೆಯದು.

ಟೈಪಿಂಗ್‌ಗೆ ಹೊಸದಾಗಿ ಕಲಿಯಬೇಕಾದದ್ದಿಲ್ಲ. ಇನ್‌ಸ್ಟಾಲ್ ಆದ ಮೇಲೆ ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಬೇರೆ ಭಾಷೆಯ ಕೀಲಿಮಣೆ ಕೊಡುವ ಐಬಸ್ ತಂತ್ರಾಂಶದ ಎಂ17ಎನ್ ಪ್ಯಾಕೇಜ್ (ibus-m17n) ಹಾಕಿ, ಒಮ್ಮೆ ಲಾಗ್‌ಔಟ್ ಆಗಿ ಬಂದು ಐಬಸ್‌ಗೆ ‘ಕನ್ನಡ ಕೆಜಿಪಿ’ ಸೇರಿಸಿದರೆ ನುಡಿಯ ಕೀಲಿಮಣೆಯೇ ಸಿಗುತ್ತದೆ, ಒತ್ತಕ್ಷರಕ್ಕೆ ಅದೇ ‘ಎಫ್’ ಕೀಲಿ.